ಹಾವು ಕಚ್ಚಿದವರಿಗೆ ಮೊದಲು ಆಂಟಿವೆನಮ್, ಶೋಧನ ಆಮೇಲೆ: ಆಯುಷ್ ಮತ್ತು ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಆಯುಕ್ತರು, ಆಯುಷ್ ಇಲಾಖೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಮಳೆಗಾಲ ಬಂತೆಂದರೆ ಗದ್ದೆ, ಹೊಲ, ತೋಟಗಳಲ್ಲಿ ಕೆಲಸ ಮಾಡುವವರಿಗೆ ಹಾವಿನ ಭಯ ಶುರುವಾಗುತ್ತದೆ. ಅದೇ ಹೊತ್ತಿಗೆ ಫೋನುಗಳಲ್ಲಿ ವೀಡಿಯೊಗಳು ಓಡಾಡುತ್ತವೆ. ಹಾವು ಕಚ್ಚಿದರೆ ವಾಂತಿ ಮಾಡಿಸಿ, ಭೇದಿ ಮಾಡಿಸಿ, ಕಚ್ಚಿದ ಜಾಗದ ರಕ್ತ ಬಿಡಿಸಿ, ವಿಷವೆಲ್ಲ ಹೊರಗೆ ಹೋಗುತ್ತದೆ ಎನ್ನುತ್ತಾರೆ. ಕೊನೆಗೆ ‘ಇದು ಚರಕರೇ ಹೇಳಿದ ಚಿಕಿತ್ಸೆ’ ಎಂದು ಸೇರಿಸುತ್ತಾರೆ. ಆ ಕೊನೆಯ ಮಾತಿನಿಂದಾಗಿಯೇ ಜನ ನಂಬುತ್ತಾರೆ.

ನಾನು ಆಯುರ್ವೇದ ಓದಿದವಳು. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ) ಮಾಡಿಸುವುದು ನನ್ನ ದಿನದ ಕೆಲಸ. ಅವುಗಳಿಂದ ಎಷ್ಟೋ ಜನರಿಗೆ ಆರಾಮ ಆಗಿರುವುದನ್ನು ನೋಡುತ್ತಾ ಬಂದಿದ್ದೇನೆ. ಆದ್ದರಿಂದಲೇ ಈ ಪತ್ರ ಬರೆಯುವ ಹಕ್ಕೂ ನನಗಿದೆ, ಹೊಣೆಯೂ ಇದೆ. ನಾನು ಕೇಳುವುದು ಇಷ್ಟು. ವಿಷದ ಹಾವು ಕಚ್ಚಿದವರಿಗೆ ಶೋಧನ ಚಿಕಿತ್ಸೆಯನ್ನು, ಅಂದರೆ ವಾಂತಿ, ಭೇದಿ ಮಾಡಿಸಿ, ರಕ್ತ ಬಿಡಿಸಿ ದೇಹ ಶುದ್ಧ ಮಾಡುವ ಕ್ರಮವನ್ನು, ಮೊದಲ ಚಿಕಿತ್ಸೆಯಾಗಿ ಯಾರೂ ಕೊಡಬಾರದು ಎಂದು ನೀವಿಬ್ಬರೂ ಸೇರಿ, ಒಂದೇ ಸುತ್ತೋಲೆಯಲ್ಲಿ, ಕನ್ನಡದಲ್ಲಿ, ಸ್ಪಷ್ಟವಾಗಿ ಬರೆದು ಹೊರಡಿಸಿ. ಒಂದು ಇಲಾಖೆ ಒಂದು ಮಾತು ಹೇಳಿ, ಇನ್ನೊಂದು ಸುಮ್ಮನಿದ್ದರೆ ಸಾಲದು.

ಮೊದಲು ನಮ್ಮ ಗ್ರಂಥಗಳಲ್ಲಿ ನಿಜವಾಗಿ ಏನಿದೆ ಎಂದು ಹೇಳಬೇಕು. ಯಾಕೆಂದರೆ ಅವುಗಳ ಹೆಸರು ಹೇಳುವವರಲ್ಲಿ ಓದಿದವರು ಕಡಿಮೆ.

ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಕ್ಕೆ ಅಂತಲೇ ಒಂದು ಅಂಗವಿದೆ, ಅಗದ ತಂತ್ರ. ಚರಕ ಸಂಹಿತೆಯ ಚಿಕಿತ್ಸಾ ಸ್ಥಾನದ 23ನೇ ಅಧ್ಯಾಯ ವಿಷ ಚಿಕಿತ್ಸೆಯದು. ಸುಶ್ರುತ ಸಂಹಿತೆಯ ಕಲ್ಪಸ್ಥಾನದ 8 ಅಧ್ಯಾಯಗಳೂ ವಿಷದ ಬಗ್ಗೆಯೇ ಇವೆ. ವಾಗ್ಭಟರ ಅಷ್ಟಾಂಗ ಹೃದಯದಲ್ಲೂ ಇದಕ್ಕೆ ಅಧ್ಯಾಯಗಳಿವೆ. ಚರಕರು ವಿಷಕ್ಕೆ 24 ಉಪಕ್ರಮಗಳನ್ನು, ಅಂದರೆ ಚಿಕಿತ್ಸೆಯ ವಿಧಾನಗಳನ್ನು, ಹೇಳುತ್ತಾರೆ. ಮಂತ್ರ, ಕಚ್ಚಿದ ಜಾಗದ ಮೇಲೆ ಕಟ್ಟು ಹಾಕುವುದು, ಕೊಯ್ಯುವುದು, ಹಿಂಡುವುದು, ಹೀರುವುದು, ಸುಡುವುದು, ನೀರು ಸುರಿಯುವುದು, ರಕ್ತ ಬಿಡಿಸುವುದು, ವಾಂತಿ, ಭೇದಿ, ಹೃದಯದ ರಕ್ಷಣೆ, ಕಣ್ಣಿಗೆ ಅಂಜನ, ಮೂಗಿಗೆ ನಸ್ಯ, ಹೊಗೆ, ಲೇಪ, ಒಂದು ವಿಷಕ್ಕೆ ಎದುರಾಗಿ ಇನ್ನೊಂದು ವಿಷ ಕೊಡುವುದು, ಪ್ರಜ್ಞೆ ತರಿಸುವುದು, ಹೀಗೆ ಸಾಗುತ್ತದೆ ಆ ಪಟ್ಟಿ. ವಾಂತಿ, ಭೇದಿ, ರಕ್ತ ಬಿಡಿಸುವುದು ಇವು 24ರಲ್ಲಿ ಮೂರು ಮಾತ್ರ. ಅವನ್ನು ಯಾವಾಗ ಬೇಕೆಂದರೆ ಆವಾಗ ಮಾಡಿ ಎಂದು ಯಾರೂ ಹೇಳಿಲ್ಲ.

ಸುಶ್ರುತರಂತೂ ಬಹಳ ಎಚ್ಚರಿಕೆಯಿಂದ ಬರೆಯುತ್ತಾರೆ. ವಿಷ ಏರುವುದನ್ನು ಏಳು ವೇಗಗಳಾಗಿ, ಅಂದರೆ ಹಂತಗಳಾಗಿ, ನೋಡುತ್ತಾರೆ. ಯಾವ ಹಾವು, ಎಷ್ಟನೇ ವೇಗ ಎಂದು ನೋಡಿಯೇ ಚಿಕಿತ್ಸೆ. ಹೆಡೆ ಇರುವ ಹಾವು ಕಚ್ಚಿದರೆ ಮೊದಲ ವೇಗದಲ್ಲಿ ರಕ್ತ ಬಿಡಿಸಬೇಕು, ಎರಡನೆಯದರಲ್ಲಿ ಜೇನು ಮತ್ತು ತುಪ್ಪದ ಜೊತೆ ಅಗದ (ವಿಷಕ್ಕೆ ಕೊಡುವ ಔಷಧಿ) ಕುಡಿಸಬೇಕು, ಮೂರನೆಯದರಲ್ಲಿ ನಸ್ಯ ಮತ್ತು ಅಂಜನ, ವಾಂತಿ ಮಾಡಿಸುವುದು ನಾಲ್ಕನೆಯದರಲ್ಲಿ. ಕೊನೆಯ ವೇಗ ಮುಟ್ಟಿದರೆ ನೆತ್ತಿಯ ಮೇಲೆ ಕಾಗೆಯ ಹೆಜ್ಜೆಯ ಹಾಗೆ ಗೀರಿ, ಅದರ ಮೇಲೆ ರಕ್ತ ಸುರಿಯುತ್ತಿರುವ ಮಾಂಸ ಇಡಬೇಕು ಎನ್ನುತ್ತಾರೆ. ಇದನ್ನು ಓದುವಾಗ ನನಗೆ ಕಾಣುವುದು ಒಬ್ಬ ವೈದ್ಯರ ಕಷ್ಟ. ರೋಗಿ ಕಣ್ಣೆದುರೇ ಸಾಯುತ್ತಿದ್ದಾನೆ. ಕೈಯಲ್ಲಿರುವುದನ್ನೆಲ್ಲ ಒಂದಾದ ಮೇಲೊಂದರಂತೆ ಮಾಡಿ ನೋಡುತ್ತಿದ್ದಾರೆ. ಆ ಕಾಲಕ್ಕೆ ಅವರ ಬಳಿ ಬೇರೆ ದಾರಿ ಇರಲಿಲ್ಲ.

ಅವರು ಕಣ್ಣಿಟ್ಟು ನೋಡಿದವರು ಎನ್ನುವುದಕ್ಕೆ ಇನ್ನೂ ದೊಡ್ಡ ಸಾಕ್ಷಿಗಳಿವೆ. ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ಬೇರೆ ಮಾಡಿದರು. ಇವತ್ತಿನ ಲೆಕ್ಕದಲ್ಲಿ ದರ್ವೀಕರ ಎಂದರೆ ನಾಗರಹಾವಿನಂಥವು, ಮಂಡಲಿ ಎಂದರೆ ಕೊಳಕುಮಂಡಲದಂಥವು, ಮೈಮೇಲೆ ಗೆರೆಗಳಿರುವ ರಾಜಿಮಂತದಲ್ಲಿ ಕಟ್ಟುಹಾವನ್ನು ಸೇರಿಸುತ್ತಾರೆ. ಮಂಡಲಿ ಕಚ್ಚಿದ ಜಾಗವನ್ನು ಯಾವ ಕಾರಣಕ್ಕೂ ಸುಡಬೇಡಿ, ಸುಟ್ಟರೆ ವಿಷ ಇನ್ನೂ ಹರಡುತ್ತದೆ ಎಂದು ಸುಶ್ರುತರು ಬರೆದಿದ್ದಾರೆ. ಎಲ್ಲ ಹಾವಿಗೂ ಒಂದೇ ಚಿಕಿತ್ಸೆ ಆಗುವುದಿಲ್ಲ ಎನ್ನುವ ತಿಳಿವಳಿಕೆ ಅವರಿಗೆ ಆಗಲೇ ಇತ್ತು. ಹಲ್ಲು ನಾಟಿದರೂ ವಿಷ ಇಳಿಯದ ಕಡಿತವನ್ನು ಅವರು ‘ನಿರ್ವಿಷ’ ಎಂದು ಬೇರೆ ಇಟ್ಟರು. ಹಾವು ಮೈಗೆ ತಾಗಿದ್ದಕ್ಕೇ ಹೆದರಿ ಮೈ ಊದಿಸಿಕೊಳ್ಳುವವರನ್ನೂ ಗುರುತಿಸಿದರು. ಈ ಮಾತನ್ನು ನಾನು ಮುಂದೆ ಮತ್ತೆ ಎತ್ತಿಕೊಳ್ಳಬೇಕಿದೆ.

ಈಗ ಮುಖ್ಯ ವಿಷಯ. ಹಾವಿನ ವಿಷ ದೇಹದಲ್ಲಿ ಎಲ್ಲಿ ಹೋಗುತ್ತದೆ? ಹಲ್ಲಿನಿಂದ ಚರ್ಮದ ಕೆಳಗೆ ಇಳಿಯುತ್ತದೆ. ಅಲ್ಲಿಂದ ದುಗ್ಧರಸದ (ಲಿಂಫ್) ನಾಳಗಳ ಮೂಲಕ ರಕ್ತಕ್ಕೆ ಸೇರುತ್ತದೆ. ಹೊಟ್ಟೆಗೆ ಹೋಗುವುದೇ ಇಲ್ಲ. ಹೊಟ್ಟೆಯಲ್ಲಿಲ್ಲದ ವಿಷವನ್ನು ವಾಂತಿ ಮಾಡಿಸಿ ತೆಗೆಯುವುದು ಹೇಗೆ? ನಮ್ಮ ವಮನ, ವಿರೇಚನ ಮಾಡುವುದು ಹೊಟ್ಟೆ ಮತ್ತು ಕರುಳಿನ ದಾರಿಯಲ್ಲಿ. ತಿಂದ ವಿಷಕ್ಕೆ, ತಕ್ಷಣ, ಆಯ್ದ ಸಂದರ್ಭಗಳಲ್ಲಿ ಅದಕ್ಕೆ ಒಂದು ಅರ್ಥವಾದರೂ ಇತ್ತು. ಕಚ್ಚಿದ ವಿಷಕ್ಕೆ ಇಲ್ಲ.

ಉಪಯೋಗ ಇಲ್ಲ ಎನ್ನುವುದಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅಪಾಯ ಇದೆ. ನಾಗರಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲು ಆಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ನುಂಗಲಾಗದ ಮನುಷ್ಯನಿಗೆ ಕಷಾಯ ಕುಡಿಸಿ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ವಿಷ ಕೊಲ್ಲುವುದಕ್ಕೆ ಮೊದಲೇ ನಮ್ಮ ಕಷಾಯ ಕೊಲ್ಲಬಹುದು.

ಕಟ್ಟುಹಾವಿನ ಕಥೆ ಇನ್ನೂ ಬೇರೆ. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ಮನೆಯವರು ತಿಂದದ್ದು ಆಗಲಿಲ್ಲ ಅಂದುಕೊಳ್ಳುತ್ತಾರೆ. ಅಂಥವರನ್ನು ‘ಹೊಟ್ಟೆ ತೊಳೆಯಲಿ’ ಎಂದು ಭೇದಿಗೆ ಹಾಕಿ ಕೂರಿಸಿದರೆ ಆಸ್ಪತ್ರೆ ಮುಟ್ಟುವ ಸಮಯವೇ ಕೈತಪ್ಪುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರು ಬೆಳಿಗ್ಗೆ ಹೊಟ್ಟೆನೋವು ಎಂದರೆ, ಕಣ್ಣಿನ ರೆಪ್ಪೆ ನೋಡಿ. ಇದನ್ನು ಪ್ರತಿ ಆಶಾ ಕಾರ್ಯಕರ್ತೆಗೂ ಹೇಳಿಕೊಡಬೇಕು.

ಇನ್ನು ಕೊಳಕುಮಂಡಲ. ನಮ್ಮ ರೈತರನ್ನು ಅತಿ ಹೆಚ್ಚು ಕಾಡುವ ಹಾವುಗಳಲ್ಲಿ ಇದೂ ಒಂದು. ಇದರ ವಿಷ ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಆಮೇಲೆ ಎಲ್ಲಿ ಗಾಯವಾದರೂ ರಕ್ತ ನಿಲ್ಲುವುದಿಲ್ಲ. ವಸಡಿನಿಂದ, ಮೂತ್ರದಲ್ಲಿ, ಮೆದುಳಿನೊಳಗೂ ಸೋರುತ್ತದೆ. ಅಂಥವರಿಗೆ ಬ್ಲೇಡಿನಿಂದ ಗೀರಿ ರಕ್ತ ಬಿಡಿಸುವುದು, ಅಥವಾ ಜಿಗಣೆ ಹಚ್ಚುವುದು ಎಂದರೆ ಏನು ಅಂತ ಯೋಚಿಸಿ. ಜಿಗಣೆಯ ಎಂಜಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು. ಮೊದಲೇ ಹೆಪ್ಪುಗಟ್ಟದ ರಕ್ತಕ್ಕೆ ಅದನ್ನೇ ಇನ್ನಷ್ಟು ಸೇರಿಸಿದ ಹಾಗಾಯಿತು, ಅಲ್ವಾ? ಇದೇ ಹಾವಿನ ವಿಷ ಕಿಡ್ನಿಯನ್ನೂ ಹಾಳು ಮಾಡುತ್ತದೆ. ಭೇದಿ ಮಾಡಿಸಿ ದೇಹದ ನೀರನ್ನೆಲ್ಲ ಹೊರಗೆ ಹಾಕಿದರೆ ಕಿಡ್ನಿಗೆ ಎರಡನೇ ಪೆಟ್ಟು.

ನಮ್ಮದೇ ನಿಯಮಗಳೂ ಇದನ್ನು ಒಪ್ಪುವುದಿಲ್ಲ. ಮೇಲಿನ ದಾರಿಯಿಂದ ರಕ್ತ ಬರುತ್ತಿರುವವರಿಗೆ ವಮನ ಬೇಡ, ಕೆಳಗಿನ ದಾರಿಯಿಂದ ಬರುತ್ತಿದ್ದರೆ ವಿರೇಚನ ಬೇಡ ಎಂದು ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ವಿಷ ಪೀಡಿತರಿಗೆ ಸ್ವೇದನ (ಬೆವರಿಸುವುದು) ಮಾಡಬಾರದು ಎಂದು ಚರಕರೇ ಹೇಳಿದ್ದಾರೆ. ಕ್ರಮದ ಪ್ರಕಾರ ಪಂಚಕರ್ಮ ಮಾಡಬೇಕಾದರೆ ಮೊದಲು ಮೂರರಿಂದ ಏಳು ದಿನ ಸ್ನೇಹಪಾನ (ತುಪ್ಪ, ಎಣ್ಣೆ ಕುಡಿಸುವುದು), ಆಮೇಲೆ ಸ್ವೇದನ, ಆಮೇಲೆ ಶೋಧನ. ಹಾವು ಕಚ್ಚಿದವರ ಹತ್ತಿರ ಇರುವುದು ಗಂಟೆಗಳು ಮಾತ್ರ.

ಬೇರು, ಸೊಪ್ಪುಗಳ ಬಗ್ಗೆಯೂ ಹೇಳಬೇಕು. ಶೋಧನದ ಜೊತೆಗೆ ಇವನ್ನೂ ಕುಡಿಸುತ್ತಾರೆ. ಈಶ್ವರಿ ಬೇರು ಹಾವಿನ ವಿಷಕ್ಕೆ ರಾಮಬಾಣ ಎಂದು ಹಳ್ಳಿ ಹಳ್ಳಿಯಲ್ಲೂ ಹೆಸರು. ಆ ಗಿಡದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. ಅದು ಕಿಡ್ನಿಯನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಜಗತ್ತಿನ ಎಷ್ಟೋ ದೇಶಗಳು ಆ ಜಾತಿಯ ಗಿಡಗಳನ್ನು ಔಷಧಿಯಾಗಿ ಬಳಸುವುದನ್ನು ನಿಷೇಧಿಸಿವೆ. ಕೊಳಕುಮಂಡಲ ಕಚ್ಚಿ ಕಿಡ್ನಿ ಸೋಲುತ್ತಿರುವಾಗ ಈ ಬೇರು ಅರೆದು ಕುಡಿಸುವುದು ಎಂಥ ಅನಾಹುತ! ವತ್ಸನಾಭಿ ಎಂಬ ವಿಷದ ಬೇರಿನ ಮಾತೂ ಹಾಗೆಯೇ. ಹಲ್ಲಿನ ವಿಷಕ್ಕೆ ಬೇರಿನ ವಿಷ ಎದುರು ಎನ್ನುವ ಚರಕರ ಮಾತನ್ನು ಹಿಡಿದು ಅದನ್ನು ಕೊಡುವವರಿದ್ದಾರೆ. ವತ್ಸನಾಭಿ ಹೃದಯದ ಬಡಿತವನ್ನೇ ಏರುಪೇರು ಮಾಡಿ ಕೊಲ್ಲಬಲ್ಲದು.

ಸರ್ಪಗಂಧದಿಂದ ನಾವು ಕಲಿಯುವುದು ಬಹಳ ಇದೆ. ಹೆಸರಿನಲ್ಲೇ ಹಾವು ಇರುವುದರಿಂದ, ತಲೆಮಾರುಗಳಿಂದ ಬಳಕೆಯಲ್ಲಿ ಇರುವುದರಿಂದ ಅದನ್ನು ಹಾವಿನ ಔಷಧಿ ಅಂತಲೇ ನಂಬಿದ್ದರು. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುವುದನ್ನು ತೋರಿಸಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ನಮ್ಮ ಗಿಡ ಜಗತ್ತಿಗೆ ರಕ್ತದೊತ್ತಡದ ಔಷಧಿ ಕೊಟ್ಟಿತು. ಇದು ನಮಗೆ ಹೆಮ್ಮೆ. ಆದರೆ ವಿಷದಿಂದ ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ ಅದೇ ಗಿಡ ಕೊಡುವುದು ತಪ್ಪು. ಪರೀಕ್ಷೆ ಮಾಡಿದ್ದರಿಂದ ಅದರ ನಿಜವಾದ ಜಾಗ ಯಾವುದು ಎಂದು ತಿಳಿಯಿತು. ಶೋಧನಕ್ಕೂ ಇಂಥದೇ ಪರೀಕ್ಷೆ ಬೇಕು ಎನ್ನುವುದು ನನ್ನ ವಾದ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ನಮ್ಮೂರ ಪಂಡಿತರು ಎಷ್ಟು ಜನರನ್ನು ಬದುಕಿಸಿದ್ದಾರೆ ಗೊತ್ತಾ? ಅದೆಲ್ಲ ಸುಳ್ಳಾ?’ ಸುಳ್ಳಲ್ಲ, ಆ ಜನ ಬದುಕಿದ್ದು ನಿಜ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ, ಅವುಗಳಲ್ಲಿ ಬಹುಪಾಲು ಮನುಷ್ಯನಿಗೆ ಅಪಾಯ ಇಲ್ಲದವು. ಕೇರೆಹಾವು, ನೀರುಹಾವು ಕಚ್ಚಿದರೆ ಏನು ಕೊಟ್ಟರೂ ಬದುಕುತ್ತಾರೆ, ಏನೂ ಕೊಡದಿದ್ದರೂ ಬದುಕುತ್ತಾರೆ. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಸುಶ್ರುತರು ‘ನಿರ್ವಿಷ’ ಎಂದು ಬರೆದಿಟ್ಟದ್ದು ಇದನ್ನೇ. ಅವರು ಬಿಡಿಸಿ ಹೇಳಿದ್ದನ್ನು ನಾವು ಮರೆತು, ಬದುಕಿದವರನ್ನೆಲ್ಲ ಔಷಧಿಯ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ. ಸತ್ತವರನ್ನು ‘ಆಯಸ್ಸು ಇಷ್ಟೇ ಇತ್ತು’ ಎಂದು ಬಿಟ್ಟಿದ್ದೇವೆ. ಬೇವಿನ ಸೊಪ್ಪು ಜಗಿಸಿ ಕಹಿ ಗೊತ್ತಾಗುತ್ತಾ, ಮೆಣಸಿನಕಾಯಿ ತಿನ್ನಿಸಿ ಖಾರ ಹತ್ತುತ್ತಾ ಎಂದು ಕೇಳುವ ಪರೀಕ್ಷೆಯೂ ಹೀಗೆಯೇ. ಕೊಳಕುಮಂಡಲ ಕಚ್ಚಿದವರಿಗೆ ಕಹಿಯೂ ಗೊತ್ತಾಗುತ್ತದೆ, ಖಾರವೂ ಗೊತ್ತಾಗುತ್ತದೆ. ಆ ಹೊತ್ತಿಗೆ ಒಳಗೆ ರಕ್ತ ನೀರಾಗಿರುತ್ತದೆ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ, ಅದಕ್ಕೆ ದೊಡ್ಡ ಲ್ಯಾಬ್ ಬೇಡ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಆಯುರ್ವೇದ ವೈದ್ಯರೂ ಮಾಡಬಹುದಾದ ಪರೀಕ್ಷೆ ಇದು.

ವಿಷಕ್ಕೆ ಎದುರಾಗಿ ಕೆಲಸ ಮಾಡುವ ಔಷಧಿ ಇವತ್ತು ಒಂದೇ, ಆಂಟಿವೆನಮ್. ಅದು ಹುಟ್ಟಿದ್ದು 1890ರ ದಶಕದಲ್ಲಿ. ನಮ್ಮ ದೇಶದಲ್ಲಿ ಸಿಗುವುದು ನಾಲ್ಕು ಹಾವುಗಳ ವಿಷಕ್ಕೆ ಸೇರಿಸಿ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕುದುರೆಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಇದನ್ನು ತಯಾರಿಸುತ್ತಾರೆ. ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನ ಹಾವು ಹಿಡಿಯುವ ಸಮುದಾಯವಾದ ಇರುಳರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಶುರುವಾದ ಸಂಘ ಅದು. ಹಾವು ಹಿಡಿಯುವ ಪಾರಂಪರಿಕ ಜ್ಞಾನ ದೇಶದ ಉದ್ದಗಲಕ್ಕೂ ಜೀವ ಉಳಿಸುತ್ತಿರುವುದು ಹೀಗೆ. ಪರಂಪರೆಯ ಬಗ್ಗೆ ಮಾತಾಡುವಾಗ ನಾವು ಈ ಜನರನ್ನು ನೆನೆಯುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ.

ಆಂಟಿವೆನಮ್‌ಗೂ ಮಿತಿಗಳಿವೆ. ಪಶ್ಚಿಮ ಘಟ್ಟದ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. ಆಗುಂಬೆಯ ಕಡೆ ಇರುವ ಕಾಳಿಂಗ ಸರ್ಪದ ವಿಷವನ್ನು ಆ ನಾಲ್ಕರಲ್ಲಿ ಸೇರಿಸಿಲ್ಲ. ಒಂದೇ ಜಾತಿಯ ಹಾವಿನ ವಿಷ ಬೇರೆ ಬೇರೆ ಪ್ರದೇಶದಲ್ಲಿ ಬೇರೆಯಾಗಿರುತ್ತದೆ, ಇದರ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಯುತ್ತಿದೆ. ಕೆಲವರಿಗೆ ಔಷಧಿಯಿಂದಲೇ ಅಲರ್ಜಿಯಾಗಿ ಜೀವಕ್ಕೆ ಸಂಚಕಾರ ಬರಬಹುದು. ಆ ಭಯಕ್ಕೆ ಕೆಲವು ಕಡೆ ವೈದ್ಯರು ಒಂದು ವಯಲ್ (ಔಷಧಿಯ ಸಣ್ಣ ಶೀಶೆ) ಕೂಡ ಹಾಕದೆ ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಕಳಿಸುತ್ತಾರೆ. ಅಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಹೇಗೆ ಶುರು ಮಾಡಬೇಕು ಎಂದು ತರಬೇತಿ ಕೊಟ್ಟರೆ ಈ ಭಯ ಹೋಗುತ್ತದೆ. ವಿಷ ಏರಿರುವ ಲಕ್ಷಣ ಇದ್ದರೆ ಮೊದಲಿಗೆ ಸಾಮಾನ್ಯವಾಗಿ 10 ವಯಲ್. ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ. ಆರೋಗ್ಯ ಇಲಾಖೆಯವರೇ, ಪಿಎಚ್‌ಸಿಯಲ್ಲಿ ಔಷಧಿ ಇಲ್ಲ ಎಂದು ಗೊತ್ತಾದ ಮೇಲೆ ಜನ ಪಂಡಿತರ ಮನೆಗೆ ಹೋದರೆ ತಪ್ಪು ಬರೀ ಜನರದಲ್ಲ. ಪುಡಿ ರೂಪದ ಆಂಟಿವೆನಮ್‌ಗೆ ದ್ರವ ರೂಪದ್ದಕ್ಕೆ ಬೇಕಾದಷ್ಟು ಫ್ರಿಜ್ಜಿನ ಕಟ್ಟುನಿಟ್ಟು ಬೇಕಿಲ್ಲ. ದೂರದ ಹಳ್ಳಿಗಳಲ್ಲೂ ಅದನ್ನು ಇಡಬಹುದು.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರು ಎಂದು ದೇಶದಲ್ಲಿ ಸಾವಿನ ಕಾರಣಗಳನ್ನು ಅಧ್ಯಯನ ಮಾಡಿದ ಮಿಲಿಯನ್ ಡೆತ್ ಸ್ಟಡಿಯ ಅಂದಾಜು. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಸತ್ತದ್ದು ಹಳ್ಳಿಗಳಲ್ಲಿ, ಅದೂ ಮನೆಯಲ್ಲೇ. ಆಸ್ಪತ್ರೆ ತಲುಪದೆ. ನನ್ನನ್ನು ಕಾಡುವುದು ಆ ‘ಮನೆಯಲ್ಲೇ’ ಎನ್ನುವುದು. ಅವರಲ್ಲಿ ಎಷ್ಟೋ ಜನರ ಕೊನೆಯ ಗಂಟೆಗಳು ಕಟ್ಟು ಹಾಕಿಸುವುದರಲ್ಲಿ, ಮಂತ್ರ ಹಾಕಿಸುವುದರಲ್ಲಿ, ಕಷಾಯ ಕುಡಿದು ಕಕ್ಕುವುದರಲ್ಲಿ ಕಳೆದುಹೋಗಿರಬೇಕು.

ನಾಯಿ ಕಡಿತದ ವಿಷಯ ಬೇರೆ ಪತ್ರಕ್ಕೆ ಸಾಕಾಗುವಷ್ಟಿದೆ, ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಹುಚ್ಚುನಾಯಿ ಕಚ್ಚಿದವರಿಗೆ ಕಡಿತದ ಜಾಗ ಸುಟ್ಟು ಭೇದಿ ಮಾಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಆದರೆ ನೀರು ಕಂಡರೆ ಹೆದರುವ ಲಕ್ಷಣ ಬಂದ ಮೇಲೆ ರೋಗಿ ಉಳಿಯುವುದಿಲ್ಲ ಎಂದೂ ಅದರಲ್ಲೇ ಇದೆ. ರೇಬೀಸ್ ಬಗ್ಗೆ ಆ ಮಾತು ಇವತ್ತಿಗೂ ಹೆಚ್ಚುಕಡಿಮೆ ನಿಜ. ಲಕ್ಷಣ ಬರುವ ಮೊದಲು ತಡೆಯಲು ಇವತ್ತು ಲಸಿಕೆ ಇದೆ. ಗಾಯವನ್ನು 15 ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಲಸಿಕೆ ಶುರು ಮಾಡಬೇಕು, ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಇಲ್ಲಿ ಶೋಧನಕ್ಕೆ ಕಾಯುವ ಮಾತೇ ಇಲ್ಲ.

ಚೇಳಿನ ಕಡಿತದಲ್ಲಿ ನಮಗೊಂದು ಒಳ್ಳೆಯ ಮಾದರಿ ಇದೆ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಕೆಂಪು ಚೇಳು ಕಚ್ಚಿದವರ ಪಕ್ಕದಲ್ಲಿ ರಾತ್ರಿಯಿಡೀ ಕೂತು ಏನಾಗುತ್ತದೆ ಎಂದು ಬರೆದಿಟ್ಟರು. ರಕ್ತದೊತ್ತಡ ಏರುವುದು, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದು, ಎಲ್ಲ. ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಕೊಟ್ಟು ನೋಡಿದರು. ಸಾವುಗಳು ಬಹಳ ಕಡಿಮೆಯಾದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುಶ್ರುತರು ವೇಗಗಳನ್ನು ಬರೆದಿಟ್ಟದ್ದೂ ರೋಗಿಯ ಪಕ್ಕದಲ್ಲಿ ಕೂತೇ. ಆ ಅಭ್ಯಾಸವನ್ನು ನಾವು ಮುಂದುವರಿಸಬೇಕಿತ್ತು. ಶ್ಲೋಕವನ್ನು ಇಟ್ಟುಕೊಂಡು ನೋಡುವುದನ್ನು ಬಿಟ್ಟೆವು.

ಹಾಗಾದರೆ ಅಗದ ತಂತ್ರಕ್ಕೆ ಕೆಲಸವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಹಾವು ಕಚ್ಚಿ ಬದುಕಿ ಮನೆಗೆ ಬಂದವರ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಮಾಂಸ ಕೊಳೆತು ಮಾಯದ ಹುಣ್ಣು, ಊತ, ನಿಶ್ಶಕ್ತಿ, ನಿದ್ದೆ ಬಾರದ ಭಯ, ಗದ್ದೆಗೆ ಕಾಲಿಡಲು ಆಗದ ಸ್ಥಿತಿ. ಆಂಟಿವೆನಮ್ ಕೊಟ್ಟ ಆಸ್ಪತ್ರೆಗೆ ಇವರನ್ನು ಮತ್ತೆ ನೋಡಲು ಸಮಯವಿಲ್ಲ. ಕೀಟಗಳು ಕಚ್ಚಿ ಚರ್ಮ ಕೆರಳುವ ತೊಂದರೆಗಳಿಗೆ ಕೇರಳದ ವಿಷವೈದ್ಯರು ಬಿಲ್ವಾದಿ ಗುಳಿಕೆ, ದೂಷೀವಿಷಾರಿ ಅಗದ ಎಂಬ ಔಷಧಿಗಳನ್ನು ಬಳಸುವ ದೊಡ್ಡ ಸಂಪ್ರದಾಯವೇ ಇದೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯವರಿಗೂ ಅದು ಪರಿಚಯ. ಇಲ್ಲೆಲ್ಲ ಲೇಪಗಳು, ವ್ರಣ (ಹುಣ್ಣಿನ) ಚಿಕಿತ್ಸೆ, ರಕ್ತ ಹೆಪ್ಪುಗಟ್ಟುವುದು ಸರಿಯಾಗಿ ಕಿಡ್ನಿ ಚೇತರಿಸಿದ ಮೇಲೆ ಹಿತವಾದ ಶೋಧನ, ಇವು ಎಷ್ಟು ಉಪಯೋಗ ಎಂದು ಸರಿಯಾದ ಪ್ರಯೋಗ ಮಾಡಿ ನೋಡಬಹುದು. ಆಯುಷ್ ಇಲಾಖೆ ಹಣ ಹಾಕಬೇಕಾದದ್ದು ಇಂಥ ಅಧ್ಯಯನಕ್ಕೆ. ಸರ್ಕಾರಿ ಆಯುರ್ವೇದ ಕಾಲೇಜು ಮತ್ತು ಪಕ್ಕದ ವೈದ್ಯಕೀಯ ಕಾಲೇಜು ಸೇರಿ ಹಾವು ಕಚ್ಚಿ ಗುಣವಾದವರಿಗೆ ಒಂದು ಜಂಟಿ ಹೊರರೋಗಿ ವಿಭಾಗ ನಡೆಸಲಿ.

ಪಂಡಿತರನ್ನು, ನಾಟಿ ವೈದ್ಯರನ್ನು ಬೈಯುವುದರಿಂದ ಏನೂ ಆಗುವುದಿಲ್ಲ. ರಾತ್ರಿ ಹನ್ನೆರಡು ಗಂಟೆಗೆ ಬಾಗಿಲು ಬಡಿದರೆ ತೆಗೆಯುವವರು ಅವರು. ಎಷ್ಟೋ ಮಂದಿ ದುಡ್ಡು ಮುಟ್ಟುವುದಿಲ್ಲ. ಊರು ಅವರ ಮಾತು ಕೇಳುತ್ತದೆ. ಅವರನ್ನು ಕರೆದು ಕೂರಿಸಿ, ಗೌರವದಿಂದ ಮಾತಾಡಿಸಿ. ‘ನೀವು ಮೊದಲು 108ಕ್ಕೆ ಫೋನ್ ಮಾಡಿಸಿ, ಧೈರ್ಯ ಹೇಳಿ, ಕಾಲು ಅಲುಗಾಡದಂತೆ ಪಟ್ಟಿ ಕಟ್ಟಿ, ಗಾಡಿ ಹತ್ತಿಸಿ’ ಎಂದು ಹೇಳಿಕೊಡಿ. ಒಬ್ಬ ಪಂಡಿತರು ‘ಇದು ನನ್ನ ಕೈಯಲ್ಲಿಲ್ಲ, ಆಸ್ಪತ್ರೆಗೆ ನಡಿ’ ಎಂದರೆ ಹತ್ತು ಫಲಕಗಳಿಗಿಂತ ಹೆಚ್ಚು ಕೆಲಸ ಆಗುತ್ತದೆ. ಆಸ್ಪತ್ರೆಗೆ ಬೇಗ ಕಳಿಸಿದ ನಾಟಿ ವೈದ್ಯರಿಗೆ ತಾಲ್ಲೂಕು ಮಟ್ಟದಲ್ಲಿ ಸನ್ಮಾನ ಮಾಡಿ.

ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದು ಬಹಳ ಒಳ್ಳೆಯ ಕೆಲಸ. ಮರುತಿಂಗಳೇ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು, 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು. ಆ ವರದಿಯ ನಮೂನೆಯಲ್ಲಿ ಒಂದು ಪ್ರಶ್ನೆಗೆ ಖಂಡಿತ ಜಾಗ ಕೊಡಿ: ಆಸ್ಪತ್ರೆಗೆ ಬರುವ ಮೊದಲು ಎಲ್ಲಿಗೆ ಹೋಗಿದ್ದರು, ಅಲ್ಲಿ ಏನು ಮಾಡಿದರು, ಎಷ್ಟು ಹೊತ್ತು ಹೋಯಿತು? ಆಯುರ್ವೇದ ಆಸ್ಪತ್ರೆಗಳೂ ಕ್ಲಿನಿಕ್‌ಗಳೂ ತಮ್ಮ ಬಳಿ ಬಂದ ಹಾವು ಕಡಿತದ ರೋಗಿಗಳನ್ನು ವರದಿ ಮಾಡುವಂತೆ ಆಯುಷ್ ಇಲಾಖೆ ನೋಡಿಕೊಳ್ಳಲಿ. ಆಗ ಯಾರ ಮಾತು ಸರಿ ಎಂದು ವಾದ ಮಾಡುವುದೇ ಬೇಡ, ಲೆಕ್ಕ ಕಣ್ಣೆದುರು ಇರುತ್ತದೆ.

ಆಯುರ್ವೇದ ವೈದ್ಯರ ವಿಷಯದಲ್ಲೂ ಸ್ಪಷ್ಟತೆ ಬೇಕು. ಎಷ್ಟೋ ಪಿಎಚ್‌ಸಿಗಳಲ್ಲಿ ಕೂತಿರುವುದು ಆಯುಷ್ ವೈದ್ಯರೇ. ಹಾವು ಕಚ್ಚಿದವರು ಬಂದರೆ ಅವರು ಏನು ಮಾಡಬಹುದು, ಫೋನಿನಲ್ಲಿ ತಾಲ್ಲೂಕು ಆಸ್ಪತ್ರೆಯ ವೈದ್ಯರ ಸಲಹೆ ಪಡೆದು ಮೊದಲ ಡೋಸ್ ಶುರು ಮಾಡಬಹುದೇ, ಅಲರ್ಜಿಯಾದರೆ ಯಾರು ಹೊಣೆ, ಇದೆಲ್ಲ ಬರವಣಿಗೆಯಲ್ಲಿ ಇರಬೇಕು. ಬಿಎಎಂಎಸ್ (ಆಯುರ್ವೇದ ಪದವಿ) ವಿದ್ಯಾರ್ಥಿಗಳು ಅಗದ ತಂತ್ರವನ್ನು ಪರೀಕ್ಷೆಗೆ ಬರೆಯುತ್ತಾರೆ, 24 ಉಪಕ್ರಮಗಳನ್ನು ಬಾಯಿಪಾಠ ಮಾಡುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ಅವರನ್ನು ಕೆಲವು ವಾರ ಹಾವು ಕಡಿತದ ರೋಗಿಗಳು ಹೆಚ್ಚು ಬರುವ ಸರ್ಕಾರಿ ಆಸ್ಪತ್ರೆಯಲ್ಲಿ ಇರಿಸಿ. ಇಳಿಬೀಳುತ್ತಿರುವ ರೆಪ್ಪೆಯನ್ನು ಒಮ್ಮೆ ಕಣ್ಣಾರೆ ನೋಡಿದ ವೈದ್ಯರು ಮುಂದೆ ಯಾವತ್ತೂ ಅಂಥ ರೋಗಿಗೆ ವಾಂತಿ ಮಾಡಿಸಲು ಹೋಗುವುದಿಲ್ಲ.

ನನ್ನ ಆಯುರ್ವೇದ ಬಂಧುಗಳಲ್ಲಿ ಕೆಲವರಿಗೆ ಈ ಪತ್ರ ನೋವು ತರಬಹುದು. ಹೊರಗಿನವರು ನಮ್ಮನ್ನು ಹೀಗಳೆಯುವಾಗ ಒಳಗಿನವರೇ ಹೀಗೆ ಬರೆಯಬೇಕಾ ಎಂದು ಕೇಳಬಹುದು. ಬರೆಯಬೇಕು. ಒಬ್ಬ ಕೂಲಿಯಾಳು ನಮ್ಮ ಶಾಸ್ತ್ರದ ಹೆಸರು ನಂಬಿ ಪ್ರಾಣ ಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಶಾಸ್ತ್ರಕ್ಕೆ ಬೇರೆ ಇಲ್ಲ.

ಸುತ್ತೋಲೆಯ ಜೊತೆಗೆ ಪ್ರತಿ ಆಯುರ್ವೇದ ಆಸ್ಪತ್ರೆ, ಪಂಚಕರ್ಮ ಕೇಂದ್ರ, ಪಿಎಚ್‌ಸಿ, ಗ್ರಾಮ ಪಂಚಾಯಿತಿ ಕಚೇರಿ ಮತ್ತು ಸೊಸೈಟಿಯ ಗೊಬ್ಬರದ ಅಂಗಡಿಯಲ್ಲಿ ಒಂದು ಫಲಕ ಹಾಕಿಸಿ. ಬರಹ ಹೀಗಿರಲಿ ಎಂದು ನನ್ನ ಸಲಹೆ. ಬೇಕಾದಂತೆ ತಿದ್ದಿಕೊಳ್ಳಿ:

“ಹಾವು ಕಚ್ಚಿದೆಯೇ? ಗಾಬರಿ ಬೇಡ, ತಡ ಮಾಡಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸಬೇಡಿ, ಕೋಲು ಕೊಟ್ಟು ಸಡಿಲವಾಗಿ ಕಟ್ಟಿ. ಬಿಗಿಯಾಗಿ ದಾರ ಕಟ್ಟಬೇಡಿ. ಕೊಯ್ಯಬೇಡಿ, ಹೀರಬೇಡಿ, ಸುಡಬೇಡಿ. ವಾಂತಿ, ಭೇದಿ ಮಾಡಿಸಬೇಡಿ, ಕಷಾಯ ಕುಡಿಸಬೇಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ತಾನಾಗಿಯೇ ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಹಾವನ್ನು ಹುಡುಕಿ ಹೊಡೆಯಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಆಂಟಿವೆನಮ್ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ: ________. ಫೋನ್: ________. ಈ ಚಿಕಿತ್ಸೆ ಉಚಿತ.”

ಆ ಎರಡು ಖಾಲಿ ಜಾಗಗಳನ್ನು ಪ್ರತಿ ಊರಿಗೂ ತುಂಬಿಸಿ ಕೊಡುವುದು ನಿಮ್ಮ ಕೆಲಸ. ಮುಂದಿನ ಮಳೆಗಾಲಕ್ಕೆ ಮೊದಲು ಅದು ಆಗಲಿ.

ಇಂತಿ,
ಆಯುರ್ವೇದದ ಒಬ್ಬ ವೈದ್ಯೆ